ಅರವತ್ತೊಂದರ ಒಳಗಿನ ನೂರ ಎಪ್ಪತ್ತಾರು ಕೋಟಿ

ಒಂದು ಪೂರ್ಣಾಂಕದ ವರ್ಗವನ್ನು 60ರಿಂದ ಗುಣಿಸಿ, ಅದಕ್ಕೆ ಒಂದು ಕೂಡಿಸಿ. ಬಂದ ಮೊತ್ತ ಇನ್ನೊಂದು ಪೂರ್ಣಾಂಕದ ವರ್ಗವೇ ಆಗಿರಬೇಕು. ಅಂಥ ಸಂಖ್ಯೆ ಯಾವುದು? ಸೊನ್ನೆಯನ್ನು ಬಿಟ್ಟು ಹುಡುಕಿದರೆ 4 ಸಿಗುತ್ತದೆ. ನಾಲ್ಕರ ವರ್ಗ 16, ಅದನ್ನು ಅರವತ್ತರಿಂದ ಗುಣಿಸಿದರೆ 960, ಒಂದು ಸೇರಿಸಿದರೆ 961, ಅದು 31ರ ವರ್ಗ. ಅರವತ್ತರ ಬದಲು 62 ಇದ್ದರೆ 8 ಸಾಕು. 3968ಕ್ಕೆ ಒಂದು ಸೇರಿ 3969, ಅಂದರೆ 63ರ ವರ್ಗ. 63 ಇದ್ದರಂತೂ 1 ಇಟ್ಟರೇ ಕೆಲಸ ಮುಗಿಯಿತು.

ಈಗ ನಡುವೆ ಬಿಟ್ಟ 61ಕ್ಕೆ ಬನ್ನಿ. 1 ಇಟ್ಟರೆ 62, 2 ಇಟ್ಟರೆ 245, 3 ಇಟ್ಟರೆ 550, 4 ಇಟ್ಟರೆ 977. ಯಾವುದೂ ವರ್ಗವಲ್ಲ. ಸಾವಿರದವರೆಗೆ ಹೋದರೂ ಇಲ್ಲ, ಲಕ್ಷ ದಾಟಿದರೂ ಇಲ್ಲ, ಹತ್ತು ಕೋಟಿ ದಾಟಿದರೂ ಇಲ್ಲ. ಮೊದಲ ಸಲ ಕೈಗೆ ಸಿಗುವುದು 22 ಕೋಟಿ 61 ಲಕ್ಷ 53 ಸಾವಿರದ 980ರಲ್ಲಿ. ಒಂದೊಂದು ಸಂಖ್ಯೆಗೆ ಒಂದೊಂದು ನಿಮಿಷದಂತೆ ಹಗಲೂ ರಾತ್ರಿ ಪರೀಕ್ಷಿಸುತ್ತಾ ಹೋದರೆ ಅಲ್ಲಿಗೆ ತಲುಪಲು 430 ವರ್ಷ ಹಿಡಿಯುತ್ತದೆ. 226153980ರ ವರ್ಗವನ್ನು 61ರಿಂದ ಗುಣಿಸಿ ಒಂದು ಸೇರಿಸಿದರೆ ಬರುವುದು ಹತ್ತೊಂಬತ್ತು ಅಂಕಿಗಳ 3119882982860264401. ಅದರ ವರ್ಗಮೂಲ 1766319049.

ನೂರ ಎಪ್ಪತ್ತಾರು ಕೋಟಿ ಅರವತ್ತಮೂರು ಲಕ್ಷ ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ಈ ಅಧ್ಯಾಯ ಈ ಒಂದು ಸಂಖ್ಯೆಯ ಬಗ್ಗೆ. ದೊಡ್ಡದು ಎಂಬ ಕಾರಣಕ್ಕೆ ನಾನು ಇದನ್ನು ಆರಿಸಿಕೊಂಡಿಲ್ಲ. ಇದಕ್ಕಿಂತ ದೊಡ್ಡ ಸಂಖ್ಯೆಗಳು ಬ್ಯಾಂಕುಗಳ ಲೆಕ್ಕಪುಸ್ತಕದಲ್ಲಿ ದಿನವೂ ಓಡಾಡುತ್ತವೆ. ತನ್ನನ್ನು ಹುಡುಕಿದ ವಿಧಾನ ಯಾವುದೆಂಬುದನ್ನು ಈ ಸಂಖ್ಯೆ ತನ್ನೊಳಗೇ ಇಟ್ಟುಕೊಂಡಿದೆ. ಅಂಥ ಸಂಖ್ಯೆಗಳು ಅಪರೂಪ.

1657ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪಿಯರ್ ಡಿ ಫರ್ಮಾ ಈ ಬಗೆಯ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟ. ವೃತ್ತಿಯಿಂದ ಅವನು ಟುಲೂಸ್ ನಗರದ ನ್ಯಾಯಾಲಯದ ಅಧಿಕಾರಿ. ಗೆಳೆಯ ಫ್ರೆನಿಕಲ್‌ಗೆ ಬರೆದ ಪತ್ರದಲ್ಲಿ ಉದಾಹರಣೆಯಾಗಿ 61 ಮತ್ತು 109ನ್ನು ಕೊಟ್ಟು, ಹೆಚ್ಚು ತೊಂದರೆಯಾಗದಿರಲೆಂದು ಸಣ್ಣ ಸಂಖ್ಯೆಗಳನ್ನೇ ಆರಿಸಿದ್ದೇನೆ ಎಂಬರ್ಥದ ಮಾತು ಸೇರಿಸಿದ. ಅವನಿಗೆ ಉತ್ತರ ಗೊತ್ತಿತ್ತು ಎನ್ನುವುದಕ್ಕೆ ಈ ಆಯ್ಕೆಯೇ ಸಾಕ್ಷಿ ಎಂದು ನನಗನಿಸುತ್ತದೆ. ನೂರಕ್ಕಿಂತ ಕೆಳಗಿನ ಸಂಖ್ಯೆಗಳಲ್ಲಿ ಅತಿ ದೊಡ್ಡ ಉತ್ತರ ಇರುವುದು 61ಕ್ಕೇ, ಆ ದಾಖಲೆಯನ್ನು ಮುರಿಯುವ ಮೊದಲ ಸಂಖ್ಯೆ 109. ಎರಡನ್ನೂ ಕುರುಡಾಗಿ ಆರಿಸಿರಲು ಸಾಧ್ಯವಿಲ್ಲ. ಇಂಗ್ಲೆಂಡಿನ ವಿಲಿಯಂ ಬ್ರೌಂಕರ್ ಮತ್ತು ಜಾನ್ ವಾಲಿಸ್ ಸವಾಲಿಗೆ ಉತ್ತರ ಕೊಟ್ಟರು. ಮುಂದೆ ಗಣಿತಜ್ಞ ಆಯ್ಲರ್ ತಪ್ಪು ತಿಳಿವಳಿಕೆಯಿಂದ ಇದನ್ನು ಜಾನ್ ಪೆಲ್ ಎಂಬುವರ ಹೆಸರಿಗೆ ಕಟ್ಟಿದ್ದರಿಂದ ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇದು ಪೆಲ್ ಸಮೀಕರಣ.

ಆದರೆ ಫರ್ಮಾ ಪತ್ರ ಬರೆಯುವುದಕ್ಕೆ ಐನೂರು ವರ್ಷ ಮೊದಲೇ, ಅದೇ 61ನ್ನು ಉದಾಹರಣೆಯಾಗಿ ಇಟ್ಟುಕೊಂಡು ಉತ್ತರವನ್ನೂ ವಿಧಾನವನ್ನೂ ಬರೆದಿಟ್ಟ ಗ್ರಂಥ ನಮ್ಮಲ್ಲಿದೆ. ಅದು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ 'ಬೀಜಗಣಿತ'. ಕಾಲ 1150ರ ಆಸುಪಾಸು. ತಮ್ಮ ಊರು ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡ ಎಂದು ಭಾಸ್ಕರರು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಅನೇಕರು ಬರೆದಿದ್ದಾರೆ. ಭಾಸ್ಕರರ ಗ್ರಂಥಗಳ ಅಧ್ಯಯನಕ್ಕಾಗಿ ಅವರ ಮೊಮ್ಮಗ ಚಂಗದೇವ ಮಠ ಕಟ್ಟಿಸಿದ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣದಲ್ಲಿ. ನನ್ನ ಮಟ್ಟಿಗೆ ಶಾಸನದ ತೂಕ ಹೆಚ್ಚು. ಊರಿನ ಜಗಳಕ್ಕಿಂತ ಅವರ ಲೆಕ್ಕ ಹೆಚ್ಚು ಸ್ವಾರಸ್ಯವಾದದ್ದು, ಅಲ್ಲಿಗೇ ಹೋಗೋಣ.

ಈ ಲೆಕ್ಕದ ಬೇರು ಭಾಸ್ಕರರಿಗಿಂತಲೂ ಹಳೆಯದು. ಕ್ರಿ.ಶ. 628ರ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಬ್ರಹ್ಮಗುಪ್ತ ಇದಕ್ಕೆ ಅಡಿಪಾಯ ಹಾಕಿದ. ನಮ್ಮ ಗಣಿತಜ್ಞರು ಈ ಬಗೆಯ ಪ್ರಶ್ನೆಯನ್ನು ವರ್ಗಪ್ರಕೃತಿ ಎಂದು ಕರೆದರು. ಹುಡುಕುತ್ತಿರುವ ಚಿಕ್ಕ ಸಂಖ್ಯೆ ಕನಿಷ್ಠ ಮೂಲ, ದೊಡ್ಡದು ಜ್ಯೇಷ್ಠ ಮೂಲ, ಕೂಡಿಸುವ ಸಂಖ್ಯೆ ಕ್ಷೇಪ. ಕ್ಷೇಪ 1 ಆಗಬೇಕೆಂಬುದು ಗುರಿ. ಒಂದೇ ಏಟಿಗೆ 1 ಸಿಗದಿದ್ದರೆ ಬೇರೆ ಕ್ಷೇಪದಿಂದ ಶುರು ಮಾಡಬಹುದು. ಎಂಟರ ವರ್ಗ 64, ಅದು 61ಕ್ಕಿಂತ 3 ಹೆಚ್ಚು. ಹಾಗಾಗಿ ಜ್ಯೇಷ್ಠ 8, ಕನಿಷ್ಠ 1, ಕ್ಷೇಪ 3. ಇದನ್ನು (8, 1, 3) ಎಂದು ಬರೆದುಕೊಳ್ಳೋಣ.

ಬ್ರಹ್ಮಗುಪ್ತನ ದೊಡ್ಡ ಶೋಧವೆಂದರೆ ಇಂಥ ಎರಡು ಜೋಡಣೆಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ನಿಯಮ. ಅದಕ್ಕೆ ಭಾವನಾ ಎಂದು ಹೆಸರು. ಜ್ಯೇಷ್ಠಗಳ ಗುಣಲಬ್ಧಕ್ಕೆ ಕನಿಷ್ಠಗಳ ಗುಣಲಬ್ಧದ 61 ಪಟ್ಟನ್ನು ಸೇರಿಸಿದರೆ ಹೊಸ ಜ್ಯೇಷ್ಠ. ಜ್ಯೇಷ್ಠ ಕನಿಷ್ಠಗಳನ್ನು ಓರೆಯಾಗಿ ಗುಣಿಸಿ ಕೂಡಿಸಿದರೆ ಹೊಸ ಕನಿಷ್ಠ. ಕ್ಷೇಪಗಳು ಸುಮ್ಮನೆ ಒಂದನ್ನೊಂದು ಗುಣಿಸಿಕೊಳ್ಳುತ್ತವೆ. ಕ್ಷೇಪಗಳು ಗುಣಿಸಿಕೊಳ್ಳುತ್ತಾ ಹೋದರೆ ಬೆಳೆಯುತ್ತವಲ್ಲ, ಗುರಿ ಇರುವುದು ಒಂದಕ್ಕೆ ಇಳಿಯುವುದು! ಆ ತೊಡಕನ್ನು ಬಿಡಿಸುವುದೇ ಚಕ್ರವಾಲ ವಿಧಾನ. ಅದನ್ನು ಭಾಸ್ಕರರಿಗಿಂತ ಹಿಂದೆ ಜಯದೇವ ಎಂಬ ಗಣಿತಜ್ಞ ತಿಳಿದಿದ್ದ. 1073ರಲ್ಲಿ ಉದಯದಿವಾಕರ ಬರೆದ 'ಸುಂದರೀ' ಎಂಬ ವ್ಯಾಖ್ಯಾನದಲ್ಲಿ ಜಯದೇವನ ಶ್ಲೋಕಗಳು ಉಳಿದುಕೊಂಡಿವೆ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಕಾಗದ ಪೆನ್ನು ಹಿಡಿದು ಓದುವುದಾದರೆ ಒಳ್ಳೆಯದು.

ಕೈಯಲ್ಲಿರುವುದು (8, 1, 3). ಇದರ ಜೊತೆ ಬೆಸೆಯಲು ಇನ್ನೊಂದು ಬೇಕು, ಅದರ ಕನಿಷ್ಠ 1 ಇರಲಿ. ಅದರ ಜ್ಯೇಷ್ಠವನ್ನು ನಾವೇ ಆರಿಸಬಹುದು. ಆಯ್ಕೆಗೆ ಎರಡು ಷರತ್ತು: ಬೆಸೆದ ಮೇಲೆ ಬರುವ ಕನಿಷ್ಠ, ಹಳೆಯ ಕ್ಷೇಪ 3ರಿಂದ ಭಾಗವಾಗಬೇಕು, ಆರಿಸಿದ ಸಂಖ್ಯೆಯ ವರ್ಗ 61ಕ್ಕೆ ಸಾಧ್ಯವಾದಷ್ಟು ಹತ್ತಿರ ಇರಬೇಕು. ಮೊದಲ ಷರತ್ತಿಗೆ 1, 4, 7, 10 ಇವೆಲ್ಲ ಹೊಂದುತ್ತವೆ. ಎರಡನೆಯದಕ್ಕೆ 7 ನಿಲ್ಲುತ್ತದೆ: 49, ಅರವತ್ತೊಂದಕ್ಕೆ 12 ಕಡಿಮೆ. ಹಾಗಾಗಿ (8, 1, 3) ಮತ್ತು (7, 1, −12) ಬೆಸೆಯಬೇಕು. ಬರುವುದು (117, 15, −36). ಎರಡೂ ಮೂಲಗಳು ಮೂರರಿಂದ ಭಾಗವಾಗುತ್ತವೆ, ಆಗ ಕ್ಷೇಪ ಒಂಬತ್ತರಿಂದ ಭಾಗವಾಗುತ್ತದೆ. ಉಳಿಯುವುದು (39, 5, −4). ತಾಳೆ ನೋಡಿ: 39ರ ವರ್ಗ 1521, 5ರ ವರ್ಗದ 61 ಪಟ್ಟು 1525. ವ್ಯತ್ಯಾಸ ಸರಿಯಾಗಿ 4. ಮೂವತ್ತಾರಕ್ಕೆ ಏರಿದ್ದ ಕ್ಷೇಪ ಒಂದೇ ಭಾಗಾಕಾರದಲ್ಲಿ ನಾಲ್ಕಕ್ಕೆ ಇಳಿಯಿತು.

ಚಕ್ರವನ್ನು ಹೀಗೇ ತಿರುಗಿಸುತ್ತಾ ಹೋಗಬಹುದು. ಆದರೆ ಕ್ಷೇಪ 4 ಬಂದ ಕೂಡಲೇ ಬ್ರಹ್ಮಗುಪ್ತನ ಒಂದು ಅಡ್ಡದಾರಿ ತೆರೆಯುತ್ತದೆ, ಭಾಸ್ಕರರು ಅದನ್ನೇ ಹಿಡಿದರು. ಮೂಲಗಳನ್ನು ಅರ್ಧ ಮಾಡಿ: (39/2, 5/2, −1). ಪೂರ್ಣಾಂಕವಲ್ಲ ಎಂದು ಹೆದರಬೇಕಿಲ್ಲ, ಮುಂದೆ ಸರಿಹೋಗುತ್ತದೆ. ಇದನ್ನು ಇದರೊಂದಿಗೇ ಬೆಸೆದರೆ (1523/2, 195/2, 1). ಕ್ಷೇಪ 1 ಬಂತು, ಆದರೆ ಮೂಲಗಳು ಇನ್ನೂ ಭಿನ್ನರಾಶಿಗಳು. ಇದರೊಂದಿಗೆ ಮತ್ತೊಮ್ಮೆ (39/2, 5/2, −1) ಬೆಸೆಯಿರಿ. ಈಗ ಅರ್ಧಗಳೆಲ್ಲ ಕಳಚಿಹೋಗಿ ಬರುವುದು (29718, 3805, −1). ಕೊನೆಯ ಹೆಜ್ಜೆ, ಇದನ್ನು ಇದರೊಂದಿಗೇ ಬೆಸೆಯುವುದು: (1766319049, 226153980, 1).

430 ವರ್ಷದ ಹುಡುಕಾಟ ಮುಗಿಯಿತು. ಒಂದು ಸಲ ಚಕ್ರ ತಿರುಗಿಸಿ, ಮೂರು ಸಲ ಬೆಸೆದದ್ದು, ಅಷ್ಟೇ. ಹತ್ತು ಅಂಕಿಯ ಗುಣಾಕಾರ ಎಲ್ಲಿಯೂ ಬೇಕಾಗಲಿಲ್ಲ. ಈ ನಾಲ್ಕು ಸಾಲಿನಲ್ಲಿರುವ ಧೈರ್ಯ ನನಗೆ ಪ್ರತಿ ಸಲವೂ ಬೆರಗು ತರಿಸುತ್ತದೆ. ಪೂರ್ಣಾಂಕ ಬೇಕೆಂದು ಹೊರಟವರು ಬೇಕೆಂದೇ ಭಿನ್ನರಾಶಿಯೊಳಗೆ ಇಳಿದು, ಇನ್ನೊಂದು ಬದಿಯಲ್ಲಿ ಪೂರ್ಣಾಂಕವಾಗಿ ಹೊರಬರುತ್ತಾರೆ. ಇಂದಿನ ಬೀಜಗಣಿತೀಯ ಸಂಖ್ಯಾಸಿದ್ಧಾಂತದಲ್ಲಿ ಇದು ದಿನಬಳಕೆಯ ತಂತ್ರ. ಹನ್ನೆರಡನೆಯ ಶತಮಾನದಲ್ಲಿ, ಚಿಹ್ನೆಗಳ ನೆರವೂ ಹೆಚ್ಚಿಲ್ಲದೆ ಶ್ಲೋಕಗಳಲ್ಲಿ ಗಣಿತ ಬರೆಯುತ್ತಿದ್ದ ಕಾಲದಲ್ಲಿ, ಇದು ದಿನಬಳಕೆಯದಾಗಿರಲಿಲ್ಲ.

ಉತ್ತರ ಸರಿಯೇ ಎಂದು ತಾಳೆ ನೋಡಲು ಹತ್ತೊಂಬತ್ತು ಅಂಕಿಗಳನ್ನು ಗುಣಿಸುವ ಅಗತ್ಯವೂ ಇಲ್ಲ. 29718ರ ವರ್ಗ 883159524. 3805ರ ವರ್ಗದ 61 ಪಟ್ಟು 883159525. ಇಷ್ಟನ್ನು ನೋಡಿಕೊಂಡರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಮೊದಲನೆಯದನ್ನು ಇಮ್ಮಡಿ ಮಾಡಿದರೆ 1766319048, ನಮ್ಮ ಸಂಖ್ಯೆಯ ಹಿಂದಿನ ಮನೆ. ಎರಡನೆಯದನ್ನು ಇಮ್ಮಡಿ ಮಾಡಿದರೆ 1766319050, ಮುಂದಿನ ಮನೆ. ಅಂದರೆ ನಮ್ಮ ಸಂಖ್ಯೆಯ ಒಂದು ಪಕ್ಕದಲ್ಲಿ ಒಂದು ವರ್ಗದ ಎರಡು ಪಟ್ಟು, ಇನ್ನೊಂದು ಪಕ್ಕದಲ್ಲಿ ಇನ್ನೊಂದು ವರ್ಗದ 122 ಪಟ್ಟು. ಎರಡೂ ಪಕ್ಕದವರನ್ನು ಗುಣಿಸಿದರೆ ಬರುವುದು ನಮ್ಮ ಸಂಖ್ಯೆಯ ವರ್ಗಕ್ಕೆ ಒಂದು ಕಡಿಮೆ. ಅದೇ 226153980ರ ವರ್ಗದ 61 ಪಟ್ಟು.

ಇನ್ನು ಸಂಖ್ಯೆಯ ಒಳಕ್ಕೆ ಹೋಗೋಣ. ಅದು ಅವಿಭಾಜ್ಯವೇ? ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆಯುತ್ತಾ ಹೋಗಿ: 1−7+6−6+3−1+9−0+4−9. ಬರುವುದು ಸೊನ್ನೆ. ಅಂದರೆ 11ರಿಂದ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 1766319049 = 11 × 59 × 1523 × 1787. ನಾಲ್ಕೂ ಅವಿಭಾಜ್ಯಗಳು. ಇವುಗಳಲ್ಲಿ ಒಂದನ್ನು ಆಗಲೇ ಕಂಡಿದ್ದೇವೆ. ಲೆಕ್ಕದ ನಡುವೆ (1523/2, 195/2, 1) ಎಂದು ಬರೆದೆವಲ್ಲ, ಅದೇ 1523. ಶಿಲ್ಪದ ಹಿಂಬದಿಯಲ್ಲಿ ಉಳಿಯ ಗೀರು ಉಳಿದುಕೊಂಡಿರುವಂತೆ, ಲೆಕ್ಕದ ಅರ್ಧದಾರಿಯ ಸಂಖ್ಯೆ ಉತ್ತರದ ಅಪವರ್ತನವಾಗಿ ಉಳಿದಿದೆ.

ಇದು ಕಾಕತಾಳೀಯವಲ್ಲ. ಉತ್ತರವೆಂದರೆ (39/2, 5/2, −1) ಎಂಬುದನ್ನು ಆರು ಸಲ ಇಟ್ಟು ಬೆಸೆದದ್ದು. ಎರಡು ಸಲಕ್ಕೆ 1523/2 ಬಂತು, ಮೂರು ಸಲಕ್ಕೆ 29718, ಆರು ಸಲಕ್ಕೆ ನಮ್ಮ ಸಂಖ್ಯೆ. ಹಾಗಾದರೆ 1523/2 ಇರುವ ಜೋಡಣೆಯನ್ನು ಮೂರು ಸಲ ಬೆಸೆದರೂ ನಮ್ಮ ಸಂಖ್ಯೆಯೇ ಬರಬೇಕು. ಯಾವ ಜೋಡಣೆಯನ್ನಾದರೂ ಮೂರು ಸಲ ಬೆಸೆದಾಗ ಬರುವ ಜ್ಯೇಷ್ಠದಲ್ಲಿ ಮೂಲ ಜ್ಯೇಷ್ಠ ಒಂದು ಗುಣಕವಾಗಿ ಇದ್ದೇ ಇರುತ್ತದೆ. ಅದರಂತೆ ಇಲ್ಲಿ 1523 ಉಳಿಯಿತು. ಕನಿಷ್ಠ ಮೂಲ 226153980ನ್ನು ಬಿಡಿಸಿ ನೋಡಿದರೂ ಇದೇ ಕಥೆ. ಅದು 29718 ಮತ್ತು 3805ರ ಗುಣಲಬ್ಧದ ಇಮ್ಮಡಿ. 29718ರೊಳಗೆ 39 ಕೂತಿದೆ, 3805ರೊಳಗೆ 5 ಕೂತಿದೆ. ಮೊದಲ ಹೆಜ್ಜೆಯ 39, 5 ಎರಡೂ ಅಲ್ಲೇ ಇವೆ.

61ರ ಉತ್ತರ ಏಕೆ ಇಷ್ಟು ದೊಡ್ಡದು ಎಂಬ ಪ್ರಶ್ನೆಗೂ ಆ ಆರು ಸಲದಲ್ಲೇ ಸುಳಿವಿದೆ. 39ನ್ನು ಆರು ಸಲ ಇಟ್ಟು ಗುಣಿಸಿ, ಬಂದದ್ದನ್ನು ಅರ್ಧ ಮಾಡಿ: 175 ಕೋಟಿ 93 ಲಕ್ಷದ ಹತ್ತಿರ ಬರುತ್ತದೆ. ನಮ್ಮ ಸಂಖ್ಯೆ 176 ಕೋಟಿ 63 ಲಕ್ಷ. ಗಾತ್ರದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಕ್ಷೇಪ −1ರಿಂದ 1ಕ್ಕೆ ಬರಲು ಎರಡು ಪಟ್ಟು ದಾರಿ ನಡೆಯಬೇಕಾಯಿತು, ಅರ್ಧಗಳನ್ನು ಕಳಚಲು ಮೂರು ಪಟ್ಟು. ಎರಡೂ ಸೇರಿ ಆರು.

ಉತ್ತರಗಳ ಗಾತ್ರದಲ್ಲಿ ದಾಖಲೆ ಮುರಿಯುವ ಇತರ ಕೆಲವು ಸಂಖ್ಯೆಗಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 13ರ ಜ್ಯೇಷ್ಠ ಮೂಲ 649, 29ರದು 9801, 53ರದು 66249. ಆಮೇಲೆ 61ರ 176 ಕೋಟಿ. ಆಮೇಲೆ 109, ಅದರದು ಹದಿನೈದು ಅಂಕಿಯ 158070671986249. ಐದೂ ಅವಿಭಾಜ್ಯಗಳು, ಐದನ್ನೂ 8ರಿಂದ ಭಾಗಿಸಿದರೆ ಉಳಿಯುವುದು 5, ಐದರಲ್ಲೂ ಅರ್ಧಗಳ ಮೂಲಕ ಆರು ಪಟ್ಟು ನಡೆಯಲೇಬೇಕು. ಹಾಗೆಂದು ಇದನ್ನೇ ಸೂತ್ರ ಮಾಡಿಕೊಳ್ಳುವಂತಿಲ್ಲ. 37 ಕೂಡ ಅವಿಭಾಜ್ಯ, 8ರಿಂದ ಭಾಗಿಸಿದರೆ ಉಳಿಯುವುದು 5, ಆದರೆ ಅದಕ್ಕೆ ಅರ್ಧಗಳ ದಾರಿಯೇ ಬೇಕಾಗುವುದಿಲ್ಲ, ಅದರ ಜ್ಯೇಷ್ಠ ಬರೀ 73, ಕನಿಷ್ಠ 12. ಆರು ಪಟ್ಟು ನಡೆಯಬೇಕೆಂದು ಮೊದಲೇ ತಿಳಿದರೂ ಮೊದಲ ಹೆಜ್ಜೆ 61ರಲ್ಲಿದ್ದಂತೆ 39ರಷ್ಟು ಉದ್ದವೋ 53ರಲ್ಲಿದ್ದಂತೆ 7ರಷ್ಟು ಗಿಡ್ಡವೋ ಎಂದು ನಡೆದೇ ತಿಳಿಯಬೇಕು. ಕೊಟ್ಟ ಸಂಖ್ಯೆಯನ್ನು ನೋಡಿದ ಕೂಡಲೇ ಉತ್ತರದ ಗಾತ್ರ ಹೇಳುವ ಸರಳ ಸೂತ್ರ ಇಂದಿಗೂ ಇಲ್ಲ.

ಈ ಗಾತ್ರ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಆರ್ಕಿಮಿಡೀಸನ ಹೆಸರಿನಲ್ಲಿರುವ ದನಗಳ ಸಮಸ್ಯೆ ಪ್ರಸಿದ್ಧ. ಸೂರ್ಯದೇವನ ಹಿಂಡಿನಲ್ಲಿ ಎಷ್ಟು ದನಗಳಿವೆ ಎಂಬ ಆ ಪ್ರಶ್ನೆ ಕೊನೆಗೆ 4729494ರ ವರ್ಗಪ್ರಕೃತಿಯಾಗಿ ನಿಲ್ಲುತ್ತದೆ. ದನಗಳ ಕನಿಷ್ಠ ಸಂಖ್ಯೆ 206545 ಅಂಕಿಗಳದು. 1965ರಲ್ಲಿ ಕಂಪ್ಯೂಟರ್ ನೆರವಿನಿಂದಲೇ ಅದನ್ನು ಪೂರ್ತಿಯಾಗಿ ಲೆಕ್ಕ ಹಾಕಲು ಸಾಧ್ಯವಾಯಿತು. ಅತಿ ದೊಡ್ಡ ಸಂಖ್ಯೆಗಳಿಗೆ ಇಂದಿನ ಕಂಪ್ಯೂಟರುಗಳೂ ಬಳಲುತ್ತವೆ. 2002ರಲ್ಲಿ ಶಾನ್ ಹಾಲ್‌ಗ್ರೆನ್ ಇದಕ್ಕೆ ಕ್ವಾಂಟಂ ಕಂಪ್ಯೂಟರಿನಲ್ಲಿ ವೇಗವಾಗಿ ನಡೆಯುವ ವಿಧಾನವನ್ನು ಕೊಟ್ಟರು.

61ರ ಉತ್ತರಕ್ಕೆ ಇನ್ನೊಂದು ಉಪಯೋಗವಿದೆ. 1766319049ನ್ನು 226153980ರಿಂದ ಭಾಗಿಸಿದರೆ 61ರ ವರ್ಗಮೂಲ ಸಿಗುತ್ತದೆ, ಅದೂ ದಶಾಂಶದ ನಂತರ ಹದಿನೇಳು ಸ್ಥಾನಗಳವರೆಗೆ ಸರಿಯಾಗಿ: 7.81024967590665439. ಮಾಮೂಲಿ ಕ್ಯಾಲ್ಕುಲೇಟರ್ ಪರದೆಯಲ್ಲಿ ಇಷ್ಟು ಸ್ಥಾನಗಳೇ ಇರುವುದಿಲ್ಲ.

ಭಾಸ್ಕರರು ವಿಧಾನ ಕೊಟ್ಟರು, ಅದು ಯಾವಾಗಲೂ ಫಲಿಸುತ್ತದೆ ಎಂಬುದಕ್ಕೆ ಸಾಧನೆ ಕೊಟ್ಟಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಗಣಿತದಲ್ಲಿ ಎರಡೂ ಬೇರೆ ಬೇರೆ ಕೆಲಸ. ವರ್ಗವಲ್ಲದ ಪ್ರತಿ ಸಂಖ್ಯೆಗೂ ಉತ್ತರ ಇದ್ದೇ ಇದೆ ಎಂದು ಮೊದಲು ಸಾಧಿಸಿದವನು ಲಗ್ರಾಂಜ್, 1760ರ ದಶಕದ ಕೊನೆಯಲ್ಲಿ. ಅವನಿಗೆ ಚಕ್ರವಾಲದ ಸುದ್ದಿ ತಿಳಿದಿರಲಿಲ್ಲ; ಕೋಲ್‌ಬ್ರೂಕ್ ಮಾಡಿದ ಇಂಗ್ಲಿಷ್ ಅನುವಾದದ ಮೂಲಕ ಬ್ರಹ್ಮಗುಪ್ತ, ಭಾಸ್ಕರರ ಬೀಜಗಣಿತ ಯುರೋಪಿನ ಓದುಗರಿಗೆ ಸಿಕ್ಕಿದ್ದು 1817ರಲ್ಲಿ. ಅದನ್ನು ಓದಿದ ಜರ್ಮನಿಯ ಹರ್ಮನ್ ಹ್ಯಾಂಕೆಲ್, ಲಗ್ರಾಂಜ್‌ಗಿಂತ ಮುಂಚೆ ಸಂಖ್ಯಾಸಿದ್ಧಾಂತದಲ್ಲಿ ಆದ ಅತ್ಯುತ್ತಮ ಕೆಲಸ ಇದೇ ಎಂದು ತೀರ್ಪು ಕೊಟ್ಟ.

ಚಕ್ರವಾಲ ವಿಧಾನವೇ ಯಾವ ಸಂಖ್ಯೆಗೂ ಕೈಕೊಡದೆ ಗುರಿ ಮುಟ್ಟುತ್ತದೆ ಎಂಬ ಸಾಧನೆ ಬಂದದ್ದು ಮೈಸೂರಿನಿಂದ. ಮಹಾರಾಜಾ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರು 1929–30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಛೇದದೊಳಗೆ ಮತ್ತೆ ಮತ್ತೆ ಭಿನ್ನರಾಶಿ ಇಡುತ್ತಾ ಹೋಗುವ ಯುರೋಪಿನ ಸತತ ಭಿನ್ನರಾಶಿ ವಿಧಾನವನ್ನೇ ಭಾಸ್ಕರರು ಬೇರೆ ವೇಷದಲ್ಲಿ ಹೇಳಿದ್ದಾರೆ ಎಂಬ ಅಭಿಪ್ರಾಯ ಆಗ ಇತ್ತು. ಅಲ್ಲ, ಇದು ತನ್ನದೇ ಗುಣವುಳ್ಳ ಬೇರೊಂದು ವಿಧಾನ ಎಂದು ಅವರು ತೋರಿಸಿದರು. ಆರಿಸಿದ ಸಂಖ್ಯೆಯ ವರ್ಗ 'ಸಾಧ್ಯವಾದಷ್ಟು ಹತ್ತಿರ' ಇರಬೇಕು ಎಂಬ ಷರತ್ತಿನೊಳಗೇ ಅದರ ವೇಗವಿದೆ. 61ಕ್ಕೆ ಸಾಮಾನ್ಯ ಸತತ ಭಿನ್ನರಾಶಿ ಹಿಡಿದು ಹೋದರೆ ಕ್ಷೇಪ −1 ತಲುಪಲು ಹನ್ನೊಂದು ಹೆಜ್ಜೆ, 1 ತಲುಪಲು ಇಪ್ಪತ್ತೆರಡು. ಹತ್ತು ವರ್ಷಗಳ ಮೇಲೆ, 1941ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಅಯ್ಯಂಗಾರ್ಯರು ಈ ಹತ್ತಿರದ ವರ್ಗದ ಸತತ ಭಿನ್ನರಾಶಿಗೆ ಪೂರ್ಣ ಸಿದ್ಧಾಂತವನ್ನೇ ಕಟ್ಟಿದರು. ಕವಿ ಎ. ಕೆ. ರಾಮಾನುಜನ್ ಇವರ ಮಗ. ಮಗನ ಹೆಸರು ತಿಳಿಯದ ಸಾಹಿತ್ಯಾಸಕ್ತರು ನಮ್ಮಲ್ಲಿಲ್ಲ. ತಂದೆಯ ಹೆಸರು ನಮ್ಮ ಗಣಿತದ ಪಠ್ಯಗಳಲ್ಲಿಯೂ ಬರಬೇಕಾಗಿತ್ತು. ಹೈಸ್ಕೂಲಿನ ಮಗು ಮಾಡಬಹುದಾದ ಲೆಕ್ಕದ ಹಿಂದೆ ಮೈಸೂರಿನ ಮೇಷ್ಟರೊಬ್ಬರ ಸಾಧನೆ ಇದೆ ಎಂದು ಮಕ್ಕಳಿಗೆ ತಿಳಿಯಬೇಕು.

61ರ ಜೊತೆಗೆ ಭಾಸ್ಕರರು ಕೊಟ್ಟ ಇನ್ನೊಂದು ಉದಾಹರಣೆ 67. ಅದನ್ನು ಓದುಗರೇ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಎಂಟರ ವರ್ಗ 67ಕ್ಕೆ 3 ಕಡಿಮೆ, ಹಾಗಾಗಿ (8, 1, −3)ರಿಂದ ಹೊರಡಿ. ಮೊದಲ ಸುತ್ತಿಗೆ 7, ಎರಡನೆಯದಕ್ಕೆ 5, ಮೂರನೆಯದಕ್ಕೆ 9 ಆರಿಸಬೇಕಾಗುತ್ತದೆ. ಏಕೆ ಎಂದು ಆ ಎರಡು ಷರತ್ತುಗಳನ್ನು ಇಟ್ಟು ನೋಡಿದರೆ ತಿಳಿಯುತ್ತದೆ. ಮೂರನೆಯ ಸುತ್ತಿನ ಕೊನೆಗೆ (221, 27, −2) ಬರಬೇಕು. ಅದನ್ನು ಅದರೊಂದಿಗೇ ಬೆಸೆದು ಎರಡರಿಂದ ಭಾಗಿಸಿದರೆ ಜ್ಯೇಷ್ಠ 48842, ಕನಿಷ್ಠ 5967. ತಾಳೆ ನೋಡಲು: 48842ರ ವರ್ಗ 2385540964, 5967ರ ವರ್ಗದ 67 ಪಟ್ಟು 2385540963.